ಅಜ್ಜಿಯ ಪ್ರಹ್ಲಾದ ನನ್ನ ಕೋಡ್‌ನಲ್ಲಿ ‘ಫ್ಯಾಂಟಸಿ’ ಆದಾಗ

ಒಂದು ಭಾನುವಾರ ಸಂಜೆ ಅಜ್ಜಿಗೆ ‘ಭಕ್ತ ಪ್ರಹ್ಲಾದ’ ಹಾಕಿಕೊಡಬೇಕಿತ್ತು. 1983ರ ಸಿನಿಮಾ. ಹಿರಣ್ಯಕಶಿಪು ಆಗಿ ಡಾ. ರಾಜ್, ಪ್ರಹ್ಲಾದ ಆಗಿ ಪುಟ್ಟ ಪುನೀತ್. ಅಜ್ಜಿಗೆ ಎಂಬತ್ತು ದಾಟಿದೆ. ಊರು ಚಿಂತಾಮಣಿ ಕಡೆ ಒಂದು ಹಳ್ಳಿ. ಈಗ ಬೆಂಗಳೂರಲ್ಲಿ ನಮ್ಮ ಜೊತೆಗಿದ್ದಾರೆ. ಅವತ್ತು ರಿಮೋಟ್ ಇದ್ದದ್ದು ನನ್ನ ಅಕ್ಕನ ಮಗಳ ಕೈಲಿ. ಎಂಟು ವರ್ಷದ ಹುಡುಗಿ, ಸ್ಕ್ರೀನ್ ಮೇಲೆ ಕಂಡಿದ್ದನ್ನೆಲ್ಲ ಜೋರಾಗಿ ಓದೋ ಅಭ್ಯಾಸ.

“ಮಾಮ, ಸಿಕ್ತು! ಫ್ಯಾಂಟಸಿ ಅಂತ ಬರ್ದಿದೆ ನೋಡು, ಅದರ ಕೆಳಗಿದೆ. ಡ್ರ್ಯಾಗನ್ ಪಿಕ್ಚರ್ ಪಕ್ಕದಲ್ಲೇ.”

“ಹಂಗಂದ್ರೆ ಏನು ಕೂಸೇ?” ಅಂತ ಅಜ್ಜಿ ಕೇಳಿದರು.

“ಸುಳ್ಳು ಕಥೆ ಅಜ್ಜಿ. ನಮ್ ಮಿಸ್ ಹೇಳಿಕೊಟ್ಟಿದಾರೆ.”

ಅಜ್ಜಿ ಜಗಳ ಆಡಲಿಲ್ಲ. ಸ್ವಲ್ಪ ಹೊತ್ತು ಟಿವಿ ಕಡೆ ನೋಡಿ, “ದೀಪ ಹಚ್ಚೋ ಹೊತ್ತಾಯ್ತು” ಅಂತ ಮಂಡಿ ಹಿಡ್ಕೊಂಡು ಎದ್ದು ಒಳಗೆ ಹೋದರು. ಅವತ್ತು ಸಿನಿಮಾ ನೋಡಲಿಲ್ಲ. ಮುಂದಿನ ಭಾನುವಾರವೂ ನೋಡಲಿಲ್ಲ. ಪುಟ್ಟಿಗೆ ತಾನು ಏನು ತಪ್ಪು ಮಾಡಿದೆ ಅಂತ ಗೊತ್ತಾಗಲಿಲ್ಲ. ಅವಳು ತಪ್ಪು ಮಾಡಿರಲೂ ಇಲ್ಲ.

ತಪ್ಪು ನನ್ನದು. ಆ ‘ಫ್ಯಾಂಟಸಿ’ ಅನ್ನೋ ಪದವನ್ನ ಅಲ್ಲಿ ಕೂರಿಸಿದ್ದು ನಾನೇ.

ನಾನು ಕೆಲಸ ಮಾಡೋ ಕಂಪನಿ ಟಿವಿ ಆ್ಯಪ್‌ಗಳಿಗೆ ಹಿಂದುಗಡೆ ಬೇಕಾದ ಸಾಫ್ಟ್‌ವೇರ್ ಮಾಡುತ್ತೆ. ಹೆಸರು ಬೇಡ, ಇನ್ನೂ ಅಲ್ಲೇ ಇದ್ದೀನಿ. ಸಾವಿರಾರು ಹಳೆ ಸಿನಿಮಾಗಳಿಗೆ ಜಾನರ್ ಹಚ್ಚೋ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅಷ್ಟನ್ನೂ ಕೂತು ನೋಡೋಕಾಗಲ್ಲ. ಕಥಾ ಸಾರಾಂಶ ಓದಿ ಪದ ಹುಡುಕೋ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಶಾಪ, ರಾಕ್ಷಸ, ವರ, ಮಾಯೆ, ಮಂತ್ರವಾದಿ, ಅವತಾರ. ಇವುಗಳಲ್ಲಿ ಎರಡು ಸಿಕ್ಕಿದರೆ ಸಾಕು, ‘ಫ್ಯಾಂಟಸಿ’. ಕೋಡ್ ರಿವ್ಯೂನಲ್ಲಿ ಯಾರೂ ಚಕಾರ ಎತ್ತಲಿಲ್ಲ. ಟೆಸ್ಟ್‌ಗಳೂ ಪಾಸ್. ನಂಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಎದ್ದು ಹೋದ ಮೇಲೆ ಕೂತು ಯೋಚಿಸಿದೆ. ಫ್ಯಾಂಟಸಿ ಸಿನಿಮಾ ಅಂದ್ರೆ ನಿಜಕ್ಕೂ ಏನು? ಇಂಜಿನಿಯರಿಂಗ್ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲ ಇವನ್ನೇ ನೋಡಿದವನು ನಾನು. ಆದರೂ ಒಂದು ಸಾಲಲ್ಲಿ ಹೇಳು ಅಂದ್ರೆ ಬಾಯಿ ಬರಲಿಲ್ಲ.

ಮೊದಲು ಹೊಳೆಯೋ ಉತ್ತರ ಗ್ರಾಫಿಕ್ಸ್. ಅದು ಎರಡು ನಿಮಿಷವೂ ನಿಲ್ಲಲ್ಲ. 1997ರ ‘ಟೈಟಾನಿಕ್’ ತುಂಬ ಕಂಪ್ಯೂಟರ್ ಗ್ರಾಫಿಕ್ಸ್ ಇದೆ, ಅದು ಫ್ಯಾಂಟಸಿ ಅಲ್ಲ. ಅತ್ತ ‘ಗ್ರೌಂಡ್‌ಹಾಗ್ ಡೇ’ (1993) ನೋಡಿ. ಒಬ್ಬ ಟಿವಿ ವರದಿಗಾರ ಪ್ರತಿ ಬೆಳಗ್ಗೆ ಎದ್ದಾಗ ಅದೇ ಫೆಬ್ರವರಿ 2. ಗ್ರಾಫಿಕ್ಸ್ ಲೆಕ್ಕಕ್ಕೇ ಇಲ್ಲ, ಒಂದು ಅಲಾರಂ ಗಡಿಯಾರ ಸಾಕಾಯ್ತು. ಅದು ಪಕ್ಕಾ ಫ್ಯಾಂಟಸಿ.

ಆ ಸಿನಿಮಾದಲ್ಲಿ ಇನ್ನೊಂದು ವಿಷಯ ಇದೆ. ಯಾಕೆ ಹೀಗಾಗ್ತಿದೆ ಅಂತ ಕೊನೆವರೆಗೂ ಯಾರೂ ಹೇಳಲ್ಲ. ಸ್ಕ್ರಿಪ್ಟಿನ ಒಂದು ಹಂತದಲ್ಲಿ ಹಳೆ ಗೆಳತಿ ಹಾಕಿದ ಶಾಪ ಅಂತ ಕಾರಣ ಇತ್ತಂತೆ, ಆಮೇಲೆ ಕಿತ್ತು ಹಾಕಿದರು. ಒಳ್ಳೇದೇ ಆಯ್ತು. ವಿವರಣೆ ಕೊಟ್ಟಿದ್ದರೆ ನಾವು ಆ ವಿವರಣೆ ಸರಿನಾ ಅಂತ ತಲೆ ಕೆಡಿಸ್ಕೊಳ್ಳುತ್ತಿದ್ದೆವು.

ಇಲ್ಲಿಗೆ ಒಂದು ಗೆರೆ ಸಿಗುತ್ತೆ: ವಿಜ್ಞಾನದ ಕಥೆಗೂ ಫ್ಯಾಂಟಸಿಗೂ ನಡುವಿನ ಗೆರೆ. ಇದಕ್ಕೆ ಹಾಲಿವುಡ್‌ಗೆ ಹೋಗಬೇಕಾಗಿಲ್ಲ. ಸಿಂಗೀತಂ ಶ್ರೀನಿವಾಸ ರಾವ್ ಗೊತ್ತಲ್ಲ, ನಮಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಕೊಟ್ಟವರು. ಅವರು ತೆಲುಗಿನಲ್ಲಿ 1991ರಲ್ಲಿ ‘ಆದಿತ್ಯ 369’ ಮಾಡಿದರು, 1994ರಲ್ಲಿ ‘ಭೈರವ ದ್ವೀಪಂ’ ಮಾಡಿದರು. ಎರಡಕ್ಕೂ ಬಾಲಕೃಷ್ಣ ಹೀರೊ. ಮೊದಲನೆಯದರಲ್ಲಿ ಹೀರೊ ಶ್ರೀಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗ್ತಾನೆ. ಹೇಗೆ? ಒಬ್ಬ ಪ್ರೊಫೆಸರು ಟೈಮ್ ಮಷೀನ್ ಕಟ್ಟಿದ್ದಾರೆ. ಆ ಮಷೀನ್ ನಮಗೆ ನಿಮಗೆ ಕಟ್ಟೋಕಾಗಲ್ಲ, ಆದರೂ ಯಾರೋ ಒಬ್ಬ ಬುದ್ಧಿವಂತ ಕಟ್ಟಬಹುದು ಅನ್ನೋ ಭರವಸೆ ಅದರಲ್ಲಿದೆ. ಎರಡನೆಯದರಲ್ಲಿ ಮಾಂತ್ರಿಕ, ರಾಜಕುಮಾರಿ, ದ್ವೀಪ. ಮಾಂತ್ರಿಕನ ಶಕ್ತಿ ಎಲ್ಲಿಂದ ಬಂತು ಅಂತ ನಾವು ಕೇಳಲ್ಲ. ಕೇಳಿದರೆ ಪಕ್ಕದವರು ಸುಮ್ನಿರಪ್ಪ ಅಂತಾರೆ.

ಹೆದರಿಸೋ ಸಿನಿಮಾಗಳ ಕಡೆ ಇನ್ನೊಂದು ಗೆರೆ. ತ್ಸ್ವೆತಾನ್ ತೊದೊರೊವ್ ಅನ್ನೋ ವಿಮರ್ಶಕ 1970ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವಾದ ಇದೆ. ಕಣ್ಣೆದುರು ಏನೋ ವಿಚಿತ್ರ ನಡೆಯುತ್ತೆ, ಅದು ನಿಜಕ್ಕೂ ಅಲೌಕಿಕವೋ ಇಲ್ಲಾ ಭ್ರಮೆಯೋ ಅಂತ ತೀರ್ಮಾನಿಸೋಕಾಗದೆ ನಾವು ತೂಗಾಡ್ತೀವಿ. ಆ ತೂಗಾಟ ಇರೋವರೆಗೆ ಮಾತ್ರ ಅದು ‘ಫ್ಯಾಂಟಾಸ್ಟಿಕ್’. ಮನೋರೋಗ ಅಂತ ಗೊತ್ತಾದರೆ ಒಂದು ಕಡೆಗೆ ಹೋಯ್ತು, ದೆವ್ವವೇ ಅಂತಾದರೆ ಇನ್ನೊಂದು ಕಡೆಗೆ. ಓದ್ತಾ ಓದ್ತಾ ನನಗೆ ‘ಆಪ್ತಮಿತ್ರ’ (2004) ನೆನಪಾಯ್ತು. ನಾಗವಲ್ಲಿ ದೆವ್ವಾನೋ, ಗಂಗಾಳ ಕಾಯಿಲೆನೋ? ಅರ್ಧ ಸಿನಿಮಾ ನಾವು ಆ ತೂಗಾಟದಲ್ಲೇ ಇರ್ತೀವಿ. ಕೊನೆಗೆ ಡಾಕ್ಟರ್ ವಿಷ್ಣುವರ್ಧನ್ ಬಂದು ಬಿಡಿಸ್ತಾರೆ. ಹಾಗಾಗಿ ‘ಆಪ್ತಮಿತ್ರ’ಕ್ಕೆ ನನ್ನ ಪ್ರೋಗ್ರಾಂ ಫ್ಯಾಂಟಸಿ ಅಂತ ಹಚ್ಚಿದ್ದು ತಪ್ಪು. ಅದು ಪಟ್ಟಿಯಲ್ಲಿ ಎರಡನೇ ಬಗ್.

ಆದರೆ ಸಾಮಾನ್ಯವಾಗಿ ನಾವು ಫ್ಯಾಂಟಸಿ ಅನ್ನೋ ಸಿನಿಮಾಗಳಲ್ಲಿ ಈ ಅನುಮಾನವೇ ಇರಲ್ಲ. ರಾಜಮೌಳಿಯ ‘ಈಗ’ (2012) ನೆನಪಿಸಿಕೊಳ್ಳಿ. ಕೊಲೆಯಾದ ಹುಡುಗ ನೊಣವಾಗಿ ಹುಟ್ಟಿ ಬರ್ತಾನೆ. ನಮ್ಮ ಸುದೀಪ್ ಕೈಲಿ ಸತ್ತವನು, ನಮ್ಮ ಸುದೀಪ್‌ಗೇ ಕಾಟ ಕೊಡ್ತಾನೆ. ಸಿನಿಮಾ ಶುರುವಾಗೋದು ಹೇಗೆ ಹೇಳಿ? ಒಂದು ಮಗು ಅಪ್ಪನ ಹತ್ರ ಕಥೆ ಹೇಳು ಅಂತ ಹಠ ಮಾಡುತ್ತೆ. ಅಷ್ಟೇ. ಅಲ್ಲಿಗೆ ಒಪ್ಪಂದ ಆಗೋಯ್ತು. ಹೇಳೋನಿಗೂ ಗೊತ್ತು ಇದು ಕಥೆ, ಕೇಳೋಳಿಗೂ ಗೊತ್ತು ಇದು ಕಥೆ. ಗೊತ್ತಿದ್ದೂ ಇಬ್ಬರೂ ಒಳಗೆ ಹೋಗ್ತಾರೆ.

ಒಳಗೆ ಹೋದ ಮೇಲೆ ಮಾತ್ರ ಸಡಿಲ ಬಿಡೋ ಹಾಗಿಲ್ಲ. ‘ಈಗ’ದಲ್ಲಿ ಅಸಾಧ್ಯವಾದದ್ದು ಒಂದೇ, ಆ ಮರುಜನ್ಮ. ಮಿಕ್ಕಿದ್ದೆಲ್ಲ ನೊಣದ ಲೆಕ್ಕದಲ್ಲೇ ನಡೀಬೇಕು. ಅದು ಮಾತಾಡಲ್ಲ. ದೊಡ್ಡದಾಗಲ್ಲ. ಹುಡುಗಿ ಸೂಕ್ಷ್ಮ ಕಲೆ ಮಾಡೋಳು, ಅದಕ್ಕೇ ನೊಣದ ಅಳತೆಗೆ ಆಯುಧ ಮಾಡಿಕೊಡೋಕೆ ಅವಳಿಗೆ ಸಾಧ್ಯವಾಗುತ್ತೆ. ಮಧ್ಯದಲ್ಲಿ ನೊಣಕ್ಕೆ ಇದ್ದಕ್ಕಿದ್ದ ಹಾಗೆ ಆನೆ ಬಲ ಬಂದಿದ್ದರೆ ಥಿಯೇಟರ್ ನಕ್ಕುಬಿಡ್ತಿತ್ತು. ನೊಣವಾಗಿ ಹುಟ್ಟಿದ್ದನ್ನ ಒಪ್ಪಿಕೊಂಡ ಜನವೇ ಅದನ್ನ ಒಪ್ಪುತ್ತಿರಲಿಲ್ಲ. ವಿಚಿತ್ರ ಅಲ್ವಾ?

‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಕೊಟ್ಟ ಒಂದು ಉಪನ್ಯಾಸದಲ್ಲಿ ಇದನ್ನೇ ಹಿಡಿದಿದ್ದರು. ಓದುಗ ಅಪನಂಬಿಕೆಯನ್ನ ಬದಿಗಿಟ್ಟು ಕೂರ್ತಾನೆ ಅನ್ನೋ ಹಳೇ ಮಾತು ಅವರಿಗೆ ಒಪ್ಪಿಗೆ ಇರಲಿಲ್ಲ. ಕಥೆಗಾರ ಎರಡನೇ ಜಗತ್ತೊಂದನ್ನ ಕಟ್ಟುತ್ತಾನೆ, ಒಳಗಿರೋವರೆಗೂ ಅಲ್ಲಿನದ್ದು ನಿಜವೇ, ಅನುಮಾನ ಬಂದ ಕ್ಷಣ ನೀವು ಆಚೆ ಬಂದು ಬಿದ್ದಿರ್ತೀರಿ ಅನ್ನೋದು ಅವರ ವಾದ. ಅಂದರೆ ನಾವು ಪಾಪ ಅಂತ ಸಹಿಸಿಕೊಂಡು ನೋಡ್ತಿದ್ದೀವಿ ಅಂತಾದರೆ ಸಿನಿಮಾ ಆಗಲೇ ಸೋತಿದೆ. ಈಚೆಗೆ ಬಂದ ಎಷ್ಟು ದುಬಾರಿ ಸಿನಿಮಾಗಳನ್ನ ನಾವು ಹೀಗೆ ಸಹಿಸಿಕೊಂಡು ನೋಡಿದೀವಿ ಅಂತ ಲೆಕ್ಕ ಹಾಕಬೇಡಿ, ಬೇಜಾರಾಗುತ್ತೆ.

ನಿಯಮ ಅಂದೆ. ಅದರ ಬೆನ್ನಿಗೇ ಇನ್ನೊಂದಿದೆ, ಬೆಲೆ. ಇದು ನನಗೆ ಅರ್ಥವಾಗಿದ್ದು ಯಾವ ಪುಸ್ತಕದಿಂದಲೂ ಅಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಊರಿಗೆ ಹೋದಾಗ ಅಜ್ಜಿ ಹೇಳ್ತಿದ್ದ ಕಥೆಯಿಂದ. ನಿಮ್ಮಲ್ಲಿ ಹಲವರು ಕೇಳಿರ್ತೀರಿ. ಬಡ ಮನೆಯ ಹುಡುಗಿ, ಹೂವಿನ ಗಿಡ ಆಗಬಲ್ಲಳು. ಒಂದು ಬಿಂದಿಗೆ ನೀರು ಸುರಿದರೆ ಗಿಡ, ಹೂ ಬಿಡಿಸಿಕೊಂಡು ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಆದರೆ ಹೂವನ್ನಷ್ಟೇ ಬಿಡಿಸಬೇಕು. ಎಲೆ ಕೀಳಬಾರದು, ಕೊಂಬೆ ಮುರೀಬಾರದು. ರಾಜಕುಮಾರ ಮದುವೆ ಆಗ್ತಾನೆ. ಅವನ ತಂಗಿ ಗೆಳತಿಯರ ಮುಂದೆ ಮೆರೆಯೋಕೆ ಅತ್ತಿಗೆಯನ್ನ ಬಲವಂತ ಮಾಡಿ ಗಿಡ ಆಗಿಸ್ತಾಳೆ. ಹುಡುಗಿಯರು ಮುಗಿಬಿದ್ದು ಕೊಂಬೆ ಮುರೀತಾರೆ. ನೀರನ್ನೂ ಸರಿಯಾಗಿ ಸುರಿಯಲ್ಲ. ಅವಳು ಕೈಕಾಲಿಲ್ಲದ, ಗಿಡವೂ ಅಲ್ಲದ ಹುಡುಗಿಯೂ ಅಲ್ಲದ ಒಂದು ಜೀವವಾಗಿ ಚರಂಡಿ ಪಾಲಾಗ್ತಾಳೆ.

ಇಲ್ಲಿಗೆ ಬಂದಾಗ ನಾನು ಪ್ರತಿ ಸಲ ಅಳ್ತಿದ್ದೆ. ಹುಡುಗಿ ಗಿಡ ಆಗೋದು ಸುಳ್ಳು ಅಂತ ಆರು ವರ್ಷದ ನನಗೂ ಗೊತ್ತಿತ್ತು. ಅಳು ಮಾತ್ರ ನಿಜವಾಗಿ ಬರ್ತಿತ್ತು. ಈಗ ಯೋಚಿಸಿದರೆ ಅನ್ನಿಸುತ್ತೆ, ಕೊಂಬೆ ಮುರೀಬಾರದು ಅನ್ನೋ ಆ ಒಂದು ಶರತ್ತು ಇಲ್ಲದಿದ್ದರೆ ಅದು ಬರೀ ಚಮತ್ಕಾರ. ಶರತ್ತು ಬಂದ ಕೂಡಲೇ ಅದು ಒಂದು ಹೆಣ್ಣಿನ ಕಥೆ ಆಯ್ತು. ಮದುವೆಯಾಗಿ ಹೋದ ಮನೆಯಲ್ಲಿ ಎಲ್ಲರೂ ಹೂ ಕೇಳ್ತಾರೆ, ಕೊಂಬೆ ಬಗ್ಗೆ ಯಾರೂ ವಿಚಾರಿಸಲ್ಲ. ಅಜ್ಜಿ ಇದನ್ನೆಲ್ಲ ಬಿಡಿಸಿ ಹೇಳ್ತಿರಲಿಲ್ಲ. ಆ ಜಾಗ ಬಂದಾಗ ದನಿ ಮಾತ್ರ ತಗ್ಗಿಸ್ತಿದ್ದರು.

ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿದ ಕಥೆಗಳಲ್ಲಿ ಇದೂ ಒಂದು. ಗಿರೀಶ್ ಕಾರ್ನಾಡರು 1992ರಲ್ಲಿ ಇದನ್ನ ‘ಚೆಲುವಿ’ ಅನ್ನೋ ಹೆಸರಲ್ಲಿ ಹಿಂದಿ ಸಿನಿಮಾ ಮಾಡಿ, ಕಾಡು ಕಡಿಯೋ ವಿಷಯದ ಕಡೆ ತಿರುಗಿಸಿದರು. ಸೋನಾಲಿ ಕುಲಕರ್ಣಿ ಚೆಲುವಿ. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆ್ಯಡಮ್ಸ್ ಇದೇ ಕಥೆಯನ್ನ ಒಪೆರಾ ಮಾಡಿದರು, ಮೊದಲ ಪ್ರದರ್ಶನ ವಿಯೆನ್ನಾದಲ್ಲಿ. ನಮ್ಮ ಹಳ್ಳಿ ಜಗಲಿಯ ಕಥೆ ವಿಯೆನ್ನಾಗೆ ಹೋಗಿ ಬಂದಿದೆ, ನನ್ನ ಡೇಟಾಬೇಸ್‌ನಲ್ಲಿ ‘ಚೆಲುವಿ’ ಮುಂದೆ ‘ಡ್ರಾಮಾ’ ಅಂತಿತ್ತು. ಸಾರಾಂಶದಲ್ಲಿ ನನ್ನ ಪಟ್ಟಿಯ ಒಂದು ಪದವೂ ಇರಲಿಲ್ಲ, ನೋಡಿ. ಮೂರನೇ ಬಗ್.

ಈ ಬೆಲೆಯ ಮಾತನ್ನ ಇಟ್ಟುಕೊಂಡು ಹೊರಗಿನ ಸಿನಿಮಾಗಳನ್ನ ನೋಡಿದರೆ ಒಳ್ಳೆಯವು ತಾವೇ ಎದ್ದು ಕಾಣ್ತವೆ. ಮಿಯಾಝಾಕಿಯ ‘ಸ್ಪಿರಿಟೆಡ್ ಅವೇ’ (2001): ಹತ್ತು ವರ್ಷದ ಚಿಹಿರೊಳ ಅಪ್ಪ ಅಮ್ಮ ತಮಗೆ ಇಟ್ಟಿರದ ಊಟಕ್ಕೆ ಕೈ ಹಾಕಿ ಹಂದಿಗಳಾಗ್ತಾರೆ. ಅವಳು ಕೆಲಸಕ್ಕೆ ಸೇರಬೇಕು, ಸೇರೋ ಕರಾರಿನಲ್ಲಿ ಯುಬಾಬಾ ಅವಳ ಹೆಸರನ್ನೇ ಕಿತ್ತುಕೊಳ್ತಾಳೆ. ಹೆಸರು ಮರೆತರೆ ವಾಪಸ್ ಹೋಗೋ ದಾರಿ ಇಲ್ಲ. ಆಫರ್ ಲೆಟರ್‌ಗೆ ಸೈನ್ ಹಾಕಿರೋ ಎಲ್ಲರೂ ಈ ದೃಶ್ಯ ಒಮ್ಮೆ ನೋಡಬೇಕು. ಗಿಯೆರ್ಮೊ ದೆಲ್ ತೋರೊನ ‘ಪ್ಯಾನ್ಸ್ ಲ್ಯಾಬಿರಿಂತ್’ (2006) ಇನ್ನೂ ಕ್ರೂರ. 1944ರ ಸ್ಪೇನ್, ಮಲತಂದೆ ಸರ್ವಾಧಿಕಾರಿಯ ಸೇನೆಯ ಕ್ಯಾಪ್ಟನ್. ಪುಟ್ಟ ಹುಡುಗಿಗೆ ಆ ಮೇಜಿನ ಮೇಲಿನದ್ದು ತಿನ್ನಬೇಡ ಅಂತ ಹೇಳಿರ್ತಾರೆ, ಅವಳು ಎರಡು ದ್ರಾಕ್ಷಿ ಬಾಯಿಗೆ ಹಾಕ್ಕೊಳ್ತಾಳೆ. ಅಂಗೈಯಲ್ಲಿ ಕಣ್ಣಿರೋ ಆ ಜೀವ ಎದ್ದು ಕೂರುತ್ತೆ. ಊಟಕ್ಕೂ ಶಾಪಕ್ಕೂ ಎಲ್ಲ ದೇಶದಲ್ಲೂ ನಂಟು ಇದ್ದ ಹಾಗಿದೆ.

‘ವಿಝಾರ್ಡ್ ಆಫ್ ಆಝ್’ (1939) ಬಗ್ಗೆ ಮಾತ್ರ ನನಗೊಂದು ತಕರಾರಿದೆ. ಕಂದು ಬಣ್ಣದ ಮನೆಯಿಂದ ಬಾಗಿಲು ತೆಗೆದು ಬಣ್ಣದ ಲೋಕಕ್ಕೆ ಕಾಲಿಡೋ ದೃಶ್ಯ ಈಗಲೂ ಮೈ ಜುಮ್ ಅನ್ಸುತ್ತೆ. ಆದರೆ ಕೊನೆಗೆ ಎಲ್ಲ ಕನಸು ಅಂತಾರೆ. ಮೂಲ ಪುಸ್ತಕದಲ್ಲಿ ಆಝ್ ನಿಜವಾದ ಜಾಗ. ಒಪ್ಪಂದ ಮಾಡ್ಕೊಂಡು ಒಳಗೆ ಕರೆದುಕೊಂಡು ಹೋಗಿ, ಕೊನೆಗೆ ನಾವು ಎಲ್ಲೂ ಹೋಗೇ ಇರ್ಲಿಲ್ಲ ಅನ್ನೋದು ಮೋಸ ಅಲ್ವಾ.

ಸರಿ. ನಿಯಮ, ಬೆಲೆ, ವಿವರಣೆ ಬೇಡ ಅನ್ನೋ ಒಪ್ಪಂದ. ಇಷ್ಟು ಬರೆದುಕೊಂಡು ಪ್ರೋಗ್ರಾಂ ತಿದ್ದಬಹುದು ಅಂದುಕೊಂಡೆ. ಆದರೆ ಪ್ರಹ್ಲಾದ ಇನ್ನೂ ಅಲ್ಲೇ ಇದ್ದ. ಅಲ್ಲೂ ನಿಯಮ ಇದೆಯಲ್ಲ! ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ. ಇಷ್ಟು ಬಿಗಿಯಾದ ಶರತ್ತುಗಳನ್ನ ನಾನು ಕೋಡ್‌ನಲ್ಲೂ ಬರೆದಿಲ್ಲ. ನರಸಿಂಹ ಆ ಶರತ್ತುಗಳ ಸಂದಿಯಲ್ಲೇ ನುಗ್ಗಿ ಬರ್ತಾನೆ. ನನ್ನ ಪರೀಕ್ಷೆ ಪ್ರಕಾರ ಜಗತ್ತಿನ ಅತ್ಯುತ್ತಮ ಫ್ಯಾಂಟಸಿ ಅದು. ಅಜ್ಜಿಯ ಪ್ರಕಾರ ಅಲ್ಲ.

ಅದೇ ವಾರ ಆಫೀಸಿನಲ್ಲಿ ಇನ್ನೊಂದು ಟಿಕೆಟ್ ಬಿತ್ತು. ನಮ್ಮ ಟೆಸ್ಟರ್ ಉಡುಪಿ ಕಡೆಯವನು. ‘ಕಾಂತಾರ’ಕ್ಕೂ ಫ್ಯಾಂಟಸಿ ಅಂತ ಬಂದಿತ್ತು. ಟಿಕೆಟ್‌ನಲ್ಲಿ ಒಂದೇ ಸಾಲು ಬರೆದಿದ್ದ. ಆಮೇಲೆ ನನ್ನ ಡೆಸ್ಕ್ ಹತ್ರ ಬಂದ.

“ಎಂಥ ಮಾರಾಯ ಇದು? ನಮ್ಮಲ್ಲಿ ವರ್ಷಕ್ಕೊಮ್ಮೆ ಕೋಲ ಆಗ್ತದೆ. ಜಾಗದ ತಕರಾರಿಂದ ಹಿಡಿದು ತಂಗಿ ಮದುವೆ ತನಕ ನಮ್ಮಪ್ಪ ದೈವದ ಎದುರು ನಿಂತು ಕೇಳುವುದು. ನೀನು ಅದಕ್ಕೆ ಫ್ಯಾಂಟಸಿ ಅಂತ ಸ್ಟಿಕ್ಕರ್ ಅಂಟಿಸಿದ್ದಿಯಲ್ಲ.”

ಅವನು ಸಿಟ್ಟಲ್ಲಿ ಹೇಳಲಿಲ್ಲ. ಅದೇ ಕಷ್ಟ ಆಯ್ತು. ‘ಕಾಂತಾರ’ ಚಿತ್ರತಂಡವೇ ದೈವದ ವೇಷ, ಆವೇಶವನ್ನ ಅನುಕರಿಸಬೇಡಿ ಅಂತ ಪ್ರೇಕ್ಷಕರಿಗೆ ಮನವಿ ಮಾಡಿದ್ದು ನಿಮಗೆ ನೆನಪಿರಬಹುದು. ಗ್ಯಾಂಡಾಲ್ಫ್ ಥರ ಗಡ್ಡ ಅಂಟಿಸ್ಕೊಂಡು ಬಂದವರಿಗೆ ಯಾರಾದರೂ ಹಾಗೆ ಮನವಿ ಮಾಡ್ತಾರಾ?

ಕೊನೆಗೆ ಅಜ್ಜಿಯನ್ನೇ ಕೇಳೋಣ ಅಂತ ಹೋದೆ. ಕ್ಷಮೆ ಕೇಳೋಕೆ ಅಂತ ಹೋಗಿದ್ದು, ಕ್ಲಾಸ್ ತಗೊಂಡು ಬಂದೆ.

“ಅಜ್ಜಿ, ಟೆಂಟಲ್ಲಿ ಎಂಥೆಂಥಾ ಸಿನಿಮಾ ನೋಡ್ತಿದ್ರಿ?”

ಅಜ್ಜಿ ಬೆರಳು ಮಡಿಸಿ ಲೆಕ್ಕ ಕೊಟ್ಟರು. ದೇವ್ರ ಸಿನಿಮಾ, ರಾಜ್ರ ಸಿನಿಮಾ, ಸಂಸಾರದ ಸಿನಿಮಾ, ದಯ್ಯದ ಸಿನಿಮಾ. ಚಿಂತಾಮಣಿ ಕಡೆ ಕನ್ನಡ ತೆಲುಗು ಎರಡೂ ಓಡ್ತಿದ್ದವು, ಮನೆಯಲ್ಲೂ ಎರಡೂ ಭಾಷೆ. ದಯ್ಯದ ಸಿನಿಮಾ ಅಂದರೆ ಅಜ್ಜಿಗೆ ವಿಠಲಾಚಾರ್ಯ. ಉಡುಪಿ ಹತ್ತಿರದ ಉದ್ಯಾವರದವರು. ಡಿ. ಶಂಕರ್ ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್‌ನಲ್ಲಿ ಕನ್ನಡ ಸಿನಿಮಾ ಮಾಡ್ತಿದ್ದವರು ಆಮೇಲೆ ತೆಲುಗಿಗೆ ಹೋಗಿ ‘ಜಾನಪದ ಬ್ರಹ್ಮ’ ಅನ್ನಿಸಿಕೊಂಡರು. ಮಹಾತ್ಮ ಪಿಕ್ಚರ್ಸ್ 1951ರಲ್ಲೇ ಕನ್ನಡದಲ್ಲಿ ‘ಜಗನ್ಮೋಹಿನಿ’ ಮಾಡಿತ್ತು. 1978ರಲ್ಲಿ ವಿಠಲಾಚಾರ್ಯ ತೆಲುಗಿನಲ್ಲಿ ಅದೇ ಹೆಸರಿನ ಸಿನಿಮಾ ಮಾಡಿದರು. ಒಲೆಗೆ ಸೌದೆ ಬದಲು ತನ್ನ ಕಾಲನ್ನೇ ಇಟ್ಟು ಅಡುಗೆ ಮಾಡೋ ದೆವ್ವ ಅವರದ್ದು. ಡೇಟ್ಸ್ ಕೊಡದೆ ಸತಾಯಿಸೋ ಹೀರೊನ ಮಾಂತ್ರಿಕನ ಶಾಪದಲ್ಲಿ ಗಿಣಿಯನ್ನೋ ಮೇಕೆಯನ್ನೋ ಮಾಡಿ, ಮಿಕ್ಕ ಶೂಟಿಂಗ್ ಆ ಪ್ರಾಣಿ ಜೊತೆ ಮುಗಿಸ್ತಿದ್ದರು ಅನ್ನೋ ದಂತಕಥೆ ಚಿತ್ರರಂಗದಲ್ಲಿ ಇನ್ನೂ ಓಡಾಡುತ್ತೆ. ನಿಜವೋ ಸುಳ್ಳೋ, ನಾನು ಕೇಳಿದ ಅತ್ಯುತ್ತಮ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅದು.

“ದೇವ್ರ ಸಿನಿಮಾದಲ್ಲೂ ಮಾಯ ಮಂತ್ರ, ದಯ್ಯದ ಸಿನಿಮಾದಲ್ಲೂ ಮಾಯ ಮಂತ್ರ. ವ್ಯತ್ಯಾಸ ಏನಜ್ಜಿ?”

ಅಜ್ಜಿ ನನ್ನನ್ನ ಪೆದ್ದನ ಥರ ನೋಡಿದರು. “ದೇವ್ರು ಬಂದಾಗ ನಮ್ಮತ್ತೆ ಕೆರ ಬಿಟ್ಟು, ಸೆರಗು ಹೊದ್ಕೊಂಡು ಕೈ ಮುಗೀತಿದ್ರು ಕಣೋ. ಅಲ್ಲೇ ಕಾಯಿ ಒಡೆಯೋರು. ದಯ್ಯದ ಸಿನಿಮಾದಾಗೆ ಕಳ್ಳೇಕಾಯಿ ತಿಂತಾ ಕಿರುಚ್ತಿದ್ವಿ. ಇಷ್ಟು ಓದಿದೀಯ, ಅದೂ ತಿಳೀಲಿಲ್ವಾ?”

ನಿಜಕ್ಕೂ ತಿಳಿದಿರಲಿಲ್ಲ. ನಾನು ಇಷ್ಟು ದಿನ ತೆರೆ ಮೇಲೆ ಹುಡುಕ್ತಿದ್ದೆ. ಅಜ್ಜಿ ನೆಲದ ಮೇಲೆ ಕೂತವರನ್ನ ನೋಡಿ ಹೇಳ್ತಿದ್ದರು.

ಸಿನಿಮಾ ಹುಟ್ಟಿದಾಗಿನಿಂದ ಇದು ಹೀಗೇ ಇದೆ. ಫ್ರಾನ್ಸಿನ ಜಾರ್ಜ್ ಮೆಲಿಯೆ ಮೂಲತಃ ಜಾದೂಗಾರ. ಕ್ಯಾಮೆರಾ ನಿಲ್ಲಿಸಿ, ಮುಂದಿದ್ದವರನ್ನ ಬದಲಿಸಿ, ಮತ್ತೆ ಶುರು ಮಾಡಿದರೆ ಮನುಷ್ಯ ಮಾಯವಾಗ್ತಾನೆ ಅಂತ ತೋರಿಸಿದವನು. 1902ರಲ್ಲಿ ಅವನು ಚಂದ್ರನ ಕಣ್ಣಿಗೇ ರಾಕೆಟ್ ಚುಚ್ಚಿಸಿದಾಗ ಜನ ನಕ್ಕರು. ಅದೇ ಜಾತಿಯ ಕೈಚಳಕ ಕಲಿತ ನಮ್ಮ ದಾದಾಸಾಹೇಬ್ ಫಾಲ್ಕೆ 1917ರಲ್ಲಿ ‘ಲಂಕಾ ದಹನ’ ಮಾಡಿದರು. ತೆರೆ ಮೇಲೆ ರಾಮ ಬಂದಾಗ ಜನ ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದರು. ಅದರಲ್ಲಿ ರಾಮ ಸೀತೆ ಎರಡೂ ಪಾತ್ರ ಮಾಡಿದ್ದು ಸಾಳುಂಕೆ ಅನ್ನೋ ಒಬ್ಬನೇ ನಟ. ಯಾರಿಗೂ ಅದು ಅಡ್ಡ ಬರಲಿಲ್ಲ. 1975ರ ‘ಜೈ ಸಂತೋಷಿ ಮಾ’ಗೆ ಜನ ಥಿಯೇಟರ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು, ತೆರೆಗೆ ನಾಣ್ಯ ಎಸೆದರು. ತಂತ್ರ ಒಂದೇ. ನೋಡೋರ ಜೊತೆಗಿನ ಒಪ್ಪಂದ ಬೇರೆ.

ಹಾಗಾಗಿ ನನ್ನ ಈಗಿನ ತಿಳಿವಳಿಕೆ ಇಷ್ಟು: ತೋರಿಸೋರು, ನೋಡೋರು ಇಬ್ಬರಿಗೂ ಇದು ಕಟ್ಟಿದ್ದು ಅಂತ ಗೊತ್ತಿದ್ದಾಗ ಮಾತ್ರ ಅದು ಫ್ಯಾಂಟಸಿ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರು ನಂಬಿದ್ದರೆ ಆ ಪದ ಬಳಸೋ ಮುಂಚೆ ಯಾರ ಮನೇಲಿ ಕೂತಿದ್ದೀವಿ ಅಂತ ನೋಡಿಕೊಳ್ಳಬೇಕು. ನಾನು ಅಷ್ಟೇನೂ ದೇವರನ್ನ ನಂಬೋನಲ್ಲ. ನನ್ನ ಮಟ್ಟಿಗೆ ಪ್ರಹ್ಲಾದನ ಕಥೆ ಫ್ಯಾಂಟಸಿ ಅಂತ ವಾದ ಮಾಡಬಹುದು, ಸ್ನೇಹಿತರ ಜೊತೆ ಮಾಡಿದ್ದೂ ಇದೆ. ಆದರೆ ಟಿವಿ ಸ್ಕ್ರೀನ್ ಮೇಲೆ ಬರೆದಾಗ ಅದು ನನ್ನ ಅಭಿಪ್ರಾಯ ಆಗಿ ಉಳಿಯಲ್ಲ. ಎಂಟು ವರ್ಷದ ಮಗು ಅದನ್ನ ಎಂಬತ್ತು ದಾಟಿದವರಿಗೆ ಓದಿ ಹೇಳುತ್ತೆ.

ಆದರೆ ಈ ಗೆರೆಯನ್ನೂ ‘ಮಾಯಾ ಬಜಾರ್’ ಅಳಿಸಿ ಹಾಕುತ್ತೆ. ಕೆ.ವಿ. ರೆಡ್ಡಿ ನಿರ್ದೇಶನದ 1957ರ ತೆಲುಗು ಸಿನಿಮಾ. ಸಿಂಗೀತಂ ಆಗ ಕೆ.ವಿ. ರೆಡ್ಡಿಯವರ ಸಹಾಯಕರು. ಕೃಷ್ಣ, ಬಲರಾಮ, ಅಭಿಮನ್ಯು ಎಲ್ಲ ಇದ್ದಾರೆ. ಆದರೆ ಶಶಿರೇಖೆಯ ಮದುವೆಯ ಕಥೆ ವ್ಯಾಸರ ಮಹಾಭಾರತದಲ್ಲಿಲ್ಲ, ಜನ ಕಟ್ಟಿಕೊಂಡ ಕಥೆ. ಅಂದರೆ ದೇವರು ಪುರಾಣದವರು, ಕಥೆ ಜಾನಪದದ್ದು. ಅದರಲ್ಲಿ ಪ್ರಿಯದರ್ಶಿನಿ ಅಂತ ಒಂದು ಪೆಟ್ಟಿಗೆ ಬರುತ್ತೆ. ಮುಚ್ಚಳ ತೆಗೆದು ನೋಡಿದರೆ ನಿಮಗೆ ಅತಿ ಪ್ರಿಯವಾದದ್ದು ಕಾಣುತ್ತೆ. ಶಶಿರೇಖೆಗೆ ಅಭಿಮನ್ಯು ಕಾಣ್ತಾನೆ. ಮೊದಲ ಸಲ ನೋಡಿದಾಗ ನಾನು ಕಿರುಚಿದ್ದೆ: ಇದು ಲ್ಯಾಪ್‌ಟಾಪಲ್ಲಿ ವಿಡಿಯೊ ಕಾಲ್! ಆದರೆ ನಿಯಮ ಗಮನಿಸಿ. ನೀವು ನೋಡಬೇಕು ಅಂದುಕೊಂಡಿದ್ದು ಕಾಣಲ್ಲ, ನಿಮಗೆ ಪ್ರಿಯವಾದದ್ದು ಕಾಣುತ್ತೆ. ನಾಲ್ಕು ಜನರ ಮುಂದೆ ತೆಗೆಯೋಕೆ ಧೈರ್ಯ ಬೇಕು. ಲ್ಯಾಪ್‌ಟಾಪಿಗಿಂತ ಅಪಾಯಕಾರಿ. ಬೆಳದಿಂಗಳ ದೋಣಿ ಹಾಡನ್ನ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಹಗಲಲ್ಲಿ ಚಿತ್ರೀಕರಿಸಿದ್ದರು ಅಂತ ಗೊತ್ತಾದ ಮೇಲೂ ನನಗೆ ಅಲ್ಲಿ ಬೆಳದಿಂಗಳೇ ಕಾಣೋದು.

ಆಫೀಸಿನಲ್ಲಿ ಆಮೇಲೆ ಏನಾಯ್ತು ಅಂದ್ರೆ, ಅರ್ಧ ಗೆದ್ದೆ. ‘ಪೌರಾಣಿಕ’ ಅನ್ನೋ ಬೇರೆ ವಿಭಾಗ ಬಂತು. ಪ್ರಹ್ಲಾದ, ಬಭ್ರುವಾಹನ ಎಲ್ಲ ಅಲ್ಲಿಗೆ ಹೋದರು. ‘ಜಾನಪದ’ ಅಂತ ಇನ್ನೊಂದು ಕೇಳಿದೆ, ಬೇರೆ ಭಾಷೆಯವರು ಯಾರೂ ಆ ಪದ ಹುಡುಕಲ್ಲ ಅಂತ ಮ್ಯಾನೇಜರ್ ಒಪ್ಪಲಿಲ್ಲ. ಹಾಗಾಗಿ ವಿಠಲಾಚಾರ್ಯರು ಡ್ರ್ಯಾಗನ್‌ಗಳ ಪಕ್ಕದಲ್ಲೇ ಇದ್ದಾರೆ. ಅವರಿಗೇನೂ ಬೇಜಾರಿರಲ್ಲ ಬಿಡಿ. ‘ಕಾಂತಾರ’ಕ್ಕೆ ಏನು ಬರೀಬೇಕು ಅಂತ ಟೆಸ್ಟರ್‌ನ ಕೇಳಿದೆ. ಅವನೂ ತುಂಬ ಹೊತ್ತು ಯೋಚಿಸಿ, “ಡ್ರಾಮಾ ಅಂತ ಹಾಕು, ಸದ್ಯಕ್ಕೆ” ಅಂದ. ಸದ್ಯಕ್ಕೆ ಹಾಗೇ ಇದೆ.

‘ಮಾಯಾ ಬಜಾರ್’ ಎಲ್ಲಿ ಹಾಕೋದು ಅಂತ ಮಾತ್ರ ಗೊತ್ತಾಗಲಿಲ್ಲ. ಎರಡೂ ಕಡೆ ಹಾಕಿದೆ.

ಹೋದ ತಿಂಗಳು ಒಂದು ಶನಿವಾರ ರಾತ್ರಿ ಅಜ್ಜಿ ತಾವಾಗಿಯೇ ಅದನ್ನ ಹಾಕು ಅಂದರು. ಪುಟ್ಟಿ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಳು. ಅವಳಿಗೆ ತೆಲುಗು ಬರಲ್ಲ, ಅಜ್ಜಿ ಅನುವಾದ ಮಾಡ್ತಿದ್ದರು, ಸಿನಿಮಾಗಿಂತ ಎರಡು ನಿಮಿಷ ಹಿಂದೆ. ಕೃಷ್ಣ ಬಂದಾಗಲೆಲ್ಲ ಅಜ್ಜಿಯ ಕೈ ತಾನಾಗಿ ಎದೆ ಹತ್ರ ಹೋಗ್ತಿತ್ತು. ಆಮೇಲೆ ಘಟೋತ್ಕಚ ಬಂದ. ಎಸ್.ವಿ. ರಂಗರಾವ್ ಮದುವೆ ಊಟದ ಮುಂದೆ ನಿಂತರು, ಲಡ್ಡುಗಳು ತಾವಾಗಿ ಹಾರಿ ಬಾಯಿಗೆ ಬಿದ್ದವು. ಪುಟ್ಟಿ ಬಿದ್ದು ಬಿದ್ದು ನಕ್ಕಳು, ಅಜ್ಜಿಯೂ ನಕ್ಕರು. ನಗು ನಿಂತ ಮೇಲೆ ಪುಟ್ಟಿ ಸ್ವಲ್ಪ ಹುಷಾರಾಗಿ ಕೇಳಿದಳು, “ಅಜ್ಜಿ, ಇದು ನಿಜಾನಾ?”

ಅಜ್ಜಿ ಟಿವಿಯಿಂದ ಕಣ್ಣು ತೆಗೀಲಿಲ್ಲ. “ಕೃಷ್ಣ ನಿಜ. ಲಡ್ಡು ಸುಳ್ಳು. ಸುಮ್ನೆ ನೋಡು.”

ಪುಟ್ಟಿ ಎರಡು ನಿಮಿಷ ಸುಮ್ನೆ ನೋಡಿದಳು. ಆಮೇಲೆ ನನಗೂ ಲಡ್ಡು ಬೇಕು ಅಂದಳು. ಅಜ್ಜಿ ಏನೂ ಹೇಳಲಿಲ್ಲ, ನನ್ನ ಫೋನ್ ಕಡೆ ಮಾತ್ರ ನೋಡಿದರು. ರಾತ್ರಿ ಒಂಬತ್ತೂವರೆ. ಆರ್ಡರ್ ಹಾಕಿದೆ.